ಸ್ನೇಹವನ್ನು ನಿರಾಕರಿಸುವ ಸ್ವಾತಂತ್ರ್ಯ: ಬೌದ್ಧಿಕ ನ್ಯೂನತೆಯುಳ್ಳವರೊಡನೆ ಸಖ್ಯದ ದೈವಶಾಸ್ತ್ರಕ್ಕೆ ಒಂದು ವಿಮರ್ಶೆ

ಬೌದ್ಧಿಕ ನ್ಯೂನತೆಯುಳ್ಳ ವಯಸ್ಕರಿಗೂ ಆಟಿಸಂ ಇರುವವರಿಗೂ ಸ್ವಯಂಸೇವಕರು ಸ್ನೇಹಿತರಾಗಿ ಒದಗುವ ಕಾರ್ಯವು ಕಳೆದ ಐದು ದಶಕಗಳಲ್ಲಿ ಪಾಶ್ಚಾತ್ಯ ದೇಶಗಳ ಸಭೆಗಳಲ್ಲಿ ಒಂದು ನೆಲೆನಿಂತ ಸೇವಾರೂಪವಾಗಿದೆ. ಅದರೊಡನೆ ಒಂದು ದೈವಶಾಸ್ತ್ರವೂ ಬೆಳೆದಿದೆ. ಜಾನ್ ವಾನಿಯೇ, ಹೆನ್ರಿ ನೌವೆನ್, ಹಾನ್ಸ್ ರೈಂಡರ್ಸ್ ಮೊದಲಾದವರ ಬರಹಗಳು ನಮ್ಮ ಸೆಮಿನರಿಗಳ ಗ್ರಂಥಾಲಯಗಳಿಗೂ ಬಂದಿವೆ. ನಮ್ಮ ಪ್ರಸಂಗಗಳಲ್ಲಿಯೂ ಅವರ ದೃಷ್ಟಾಂತಗಳು ಕೇಳಿಬರುತ್ತವೆ. ಈ ಲೇಖನದಲ್ಲಿ ನಾವು ಆ ದೈವಶಾಸ್ತ್ರವನ್ನು ಎರಡು ಕಡೆಯಿಂದ ಪರೀಕ್ಷಿಸಲು ಬಯಸುತ್ತೇವೆ. ಮೊದಲನೆಯದು, ವಾನಿಯೇ ಅವರ ಕುರಿತು 2020 ಮತ್ತು 2023ರಲ್ಲಿ ಪ್ರಕಟವಾದ ವರದಿಗಳು. ಎರಡನೆಯದು, ಯಾದಗಿರಿ ಜಿಲ್ಲೆಯ ಹುಣಸಗಿಯಂತಹ ಒಂದು ತಾಲ್ಲೂಕು. ಈ ಎರಡರ ನಡುವೆ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ ಎರಡೂ ಒಂದೇ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತವೆ ಎಂಬುದು ನಮ್ಮ ವಾದ: ತನಗೆ ನೀಡಲಾದ ಸ್ನೇಹವನ್ನು ಬೇಡವೆನ್ನಲು ಸಾಧ್ಯವಿಲ್ಲದ ವ್ಯಕ್ತಿಗೆ ದೊರೆತದ್ದನ್ನು ಸ್ನೇಹವೆಂದು ಕರೆಯಬಹುದೇ?

ಹುಣಸಗಿಯಿಂದ ನೋಡಿದಾಗ

ಹುಣಸಗಿಯ ಹೆಸರು ವಿದ್ವಾಂಸರ ಲೋಕದಲ್ಲಿ ಅಪರಿಚಿತವಲ್ಲ. ಹುಣಸಗಿ, ಬೈಚಬಾಳ, ಇಸಾಂಪುರಗಳ ಶಿಲಾಯುಗದ ನೆಲೆಗಳನ್ನು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧಿಸಿದ್ದಾರೆ. ಲಕ್ಷಾಂತರ ವರ್ಷಗಳ ಹಿಂದಿನ ಕಲ್ಲಿನ ಆಯುಧಗಳನ್ನು ಹುಡುಕಿಕೊಂಡು ಅಲ್ಲಿಗೆ ಹೋದವರು ಅನೇಕರು; ಅಲ್ಲಿ ಇಂದು ಮನೆಯ ಮೂಲೆಯಲ್ಲಿ ಕುಳಿತಿರುವ ವಯಸ್ಕನೊಬ್ಬನನ್ನು ಹುಡುಕಿಕೊಂಡು ಹೋದವರು ವಿರಳ. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಸುರಪುರದ ಭಾಗವಾಗಿದ್ದ ಹುಣಸಗಿಯು ಅದಾದ ಮೇಲೆ, 2017-18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ನಾರಾಯಣಪುರದ ಬಸವಸಾಗರ ಜಲಾಶಯವಿರುವುದು ಈ ಸೀಮೆಯಲ್ಲಿಯೇ. ಕಾಲುವೆಯ ನೀರು ತಲುಪಿದ ಹೊಲಗಳಲ್ಲಿ ಭತ್ತ, ತಲುಪದ ಹೊಲಗಳಲ್ಲಿ ಹತ್ತಿ ತೊಗರಿ. ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಂಗಳೂರು, ಮುಂಬಯಿ, ಗೋವೆಗಳ ಕಟ್ಟಡ ಕೆಲಸಕ್ಕೆ ಹೊರಡುವ ಕುಟುಂಬಗಳು. ಯಾದಗಿರಿ ಜಿಲ್ಲೆಯ ಈ ಗುಳೆ ಎಲ್ಲರೂ ಬಲ್ಲ ಸಂಗತಿ.

ಗುಳೆ ಹೋಗುವ ಕುಟುಂಬದಲ್ಲಿ ಬೌದ್ಧಿಕ ನ್ಯೂನತೆಯುಳ್ಳ ವಯಸ್ಕನೊಬ್ಬನಿದ್ದರೆ ಏನಾಗುತ್ತದೆ? ಅವನನ್ನು ಕರೆದೊಯ್ದರೆ ಕಟ್ಟಡದ ಕೆಲಸದ ಸ್ಥಳದಲ್ಲಿ ನೋಡಿಕೊಳ್ಳುವವರಿಲ್ಲ; ಬಿಟ್ಟುಹೋದರೆ ಮುದಿ ತಾಯಿಯ ಪಾಲಿಗೆ ಬಿಟ್ಟುಹೋಗಬೇಕು. ಅಲ್ಲಿನ ಮನೆಗಳನ್ನು ಬಲ್ಲ ಸಭಾಪಾಲಕರಿಗೆ ಈ ತಾಯಿಯ ಮಾತು ಹೊಸದಲ್ಲ: ನಾ ಹೋದ ಮ್ಯಾಲ ಇವನ್ನ ಯಾರು ನೋಡ್ತಾರ? ಬೆಂಗಳೂರಿನ ಸುಶಿಕ್ಷಿತ ಪೋಷಕರೂ ಕೇಳುವುದು ಇದೇ ಪ್ರಶ್ನೆಯನ್ನೇ. ವ್ಯತ್ಯಾಸವೆಂದರೆ, ಅವರಿಗೆ ಪೋಷಕರ ಸಂಘಗಳಿವೆ, ಹಗಲು ಆರೈಕೆಯ ಕೇಂದ್ರಗಳಿವೆ, ನಿಮ್ಹಾನ್ಸ್ ಇದೆ. ಹುಣಸಗಿಯ ತಾಯಿಗೆ ಅವೆಲ್ಲವೂ 400 ಕಿಲೋಮೀಟರಿಗೂ ಹೆಚ್ಚು ದೂರ.

2011ರ ಜನಗಣತಿಯು ಭಾರತದಲ್ಲಿ 2.68 ಕೋಟಿ ಅಂಗವಿಕಲರನ್ನು ಲೆಕ್ಕ ಹಾಕಿತು. ಕರ್ನಾಟಕದಲ್ಲಿ ಅವರ ಸಂಖ್ಯೆ 13.24 ಲಕ್ಷ. ದೇಶದಾದ್ಯಂತ ಸುಮಾರು 15 ಲಕ್ಷ ಮಂದಿಯನ್ನು ಬೌದ್ಧಿಕ ನ್ಯೂನತೆಯುಳ್ಳವರೆಂದು ಅದು ಗುರುತಿಸಿತು. ಆಟಿಸಂಗೆ ಆ ಗಣತಿಯಲ್ಲಿ ಪ್ರತ್ಯೇಕ ವರ್ಗವೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ವಿಧದ ನ್ಯೂನತೆಗಳಲ್ಲಿ ಅದು ಸೇರಿತು. ಕಾಗದದ ಮೇಲೆ ಏನೂ ಇಲ್ಲವೆನ್ನುವಂತಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಮಟ್ಟದ ಸಮಿತಿಯು ಪಾಲಕರನ್ನು ನೇಮಿಸಬಲ್ಲದು. ಆದರೆ ಮಾಸಾಶನ, ಗುರುತಿನ ಚೀಟಿ, ಪಾಲಕತ್ವ ಇವು ಒಬ್ಬ ಮನುಷ್ಯನಿಗೆ ಆಧಾರವಾಗಬಲ್ಲವೇ ಹೊರತು ಜೊತೆಯಾಗಲಾರವು.

ಇಲ್ಲಿ ನಮ್ಮ ಭಾಷೆಯೇ ಒಂದು ಸೂಕ್ಷ್ಮವನ್ನು ತೋರಿಸಿಕೊಡುತ್ತದೆ. ನಂಟ ಎಂದರೆ ಬಂಧು. ನಂಟು ಎಂದರೆ ಸಂಬಂಧ. ಉತ್ತರ ಕರ್ನಾಟಕದ ಮಾತಿನಲ್ಲಿ ಬಂಧುಬಳಗದ ಹೊರಗಿನ ಆಪ್ತನಿಗೆ ದೋಸ್ತ ಎಂಬ ಬೇರೆ ಹೆಸರಿದೆ. ಹುಣಸಗಿಯ ಹಳ್ಳಿಯಲ್ಲಿ ಬೌದ್ಧಿಕ ನ್ಯೂನತೆಯುಳ್ಳ ವಯಸ್ಕನಿಗೆ ನಂಟರಿದ್ದಾರೆ. ಅಣ್ಣನ ಮನೆಯಲ್ಲಿ ಅವನಿಗೊಂದು ತುತ್ತು, ಅಗಸಿಯ ಕಟ್ಟೆಯ ಮೇಲೆ ಒಂದು ಜಾಗ, ಜಾತ್ರೆಯ ದಿನ ಒಂದು ಹೊಸ ಅಂಗಿ ಉಂಟು. ಅವನನ್ನು ಮಳ್ಳ ಎಂದು ಕರೆದರೂ ಹೆಸರು ಹಿಡಿದು ಬಲ್ಲ ನೂರು ಜನರಿರುತ್ತಾರೆ. ಇದನ್ನು ನಾವು ಕಡೆಗಣಿಸಬಾರದು. ನಗರದ ಎಷ್ಟೋ ವ್ಯವಸ್ಥೆಗಳಲ್ಲಿ ಇದು ಇಲ್ಲ. ಆದರೆ ಅವನಿಗೆ ದೋಸ್ತನಿಲ್ಲ. ಕರ್ತವ್ಯದಿಂದಲ್ಲ, ರಕ್ತದಿಂದಲ್ಲ, ಅವನೇ ಬೇಕೆಂದು ಅವನ ಬಳಿ ಬರುವವರು ಯಾರೂ ಇಲ್ಲ. ಪಾಶ್ಚಾತ್ಯ ಗ್ರಂಥಗಳು ವರ್ಣಿಸುವ ಕೊರತೆ ಇದಕ್ಕೆ ವಿರುದ್ಧ ದಿಕ್ಕಿನದು. ಸಂಸ್ಥೆಗಳಲ್ಲಿ ಬದುಕಿದ ಅಲ್ಲಿನ ವ್ಯಕ್ತಿಯ ಸುತ್ತ ಸಂಬಳ ಪಡೆಯುವವರೇ ಇದ್ದರು. ಆದುದರಿಂದಲೇ ವೂಲ್ಫ್ ವೂಲ್ಫೆನ್ಸ್‌ಬರ್ಗರ್ ರೂಪಿಸಿದ ನಾಗರಿಕ ಸಮರ್ಥನೆಯ ಯೋಜನೆ 1970ರಲ್ಲಿ ನೆಬ್ರಾಸ್ಕದ ಲಿಂಕನ್ ನಗರದಲ್ಲಿ ಆರಂಭವಾದಾಗ, ಸಂಬಳವಿಲ್ಲದ, ಸಂಸ್ಥೆಗೆ ಅಧೀನನಲ್ಲದ ಒಬ್ಬ ನಾಗರಿಕ ಎಂಬುದು ಅದರ ಮೂಲ ತತ್ತ್ವವಾಯಿತು. ನಮ್ಮಲ್ಲಿ ಸುತ್ತಲಿರುವವರು ಕುಟುಂಬದವರು. ಎರಡೂ ಕಡೆ ಇಲ್ಲದಿರುವವನು ಮಾತ್ರ ಒಬ್ಬನೇ: ಬರಬೇಕಾದ ಅಗತ್ಯವಿಲ್ಲದಿದ್ದರೂ ಬರುವವನು.

ಗ್ರಂಥಗಳ ಬಲ

ಸ್ನೇಹದ ಪಾಶ್ಚಾತ್ಯ ಚಿಂತನೆಯು ಅರಿಸ್ಟಾಟಲನಿಂದ ಹೊರಡುತ್ತದೆ. ಅವನ ನೀತಿಶಾಸ್ತ್ರದಲ್ಲಿ ಪೂರ್ಣ ಸ್ನೇಹವು ಸದ್ಗುಣದಲ್ಲಿ ಸಮಾನರಾದವರ ನಡುವೆ ಮಾತ್ರ ಸಾಧ್ಯ. ಆ ಅಳತೆಯಲ್ಲಿ ವಿವೇಚನಾಶಕ್ತಿ ಕುಂಠಿತವಾದವರಿಗೆ ಸ್ನೇಹದ ಬಾಗಿಲು ಮುಚ್ಚಿಯೇ ಇರುತ್ತದೆ. ಥಾಮಸ್ ಅಕ್ವಿನಾಸರು ದೈವಪ್ರೀತಿಯನ್ನೇ ದೇವರೊಡನೆ ಸ್ನೇಹವೆಂದು ವ್ಯಾಖ್ಯಾನಿಸಿದಾಗ ಬಾಗಿಲು ಸ್ವಲ್ಪ ತೆರೆಯಿತು. ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವೆ ಇರುವ ಅಂತರ ಯಾವ ಇಬ್ಬರು ಮನುಷ್ಯರ ನಡುವಿನ ಅಂತರಕ್ಕಿಂತಲೂ ದೊಡ್ಡದಲ್ಲವೇ?

ರೈಂಡರ್ಸರು 2008ರಲ್ಲಿ ಪ್ರಕಟಿಸಿದ "ರಿಸೀವಿಂಗ್ ದಿ ಗಿಫ್ಟ್ ಆಫ್ ಫ್ರೆಂಡ್‌ಶಿಪ್" ಎಂಬ ಗ್ರಂಥವು ಈ ಎಳೆಯನ್ನು ಅದರ ಕೊನೆಯವರೆಗೂ ಎಳೆಯುತ್ತದೆ. ತೀವ್ರ ಬೌದ್ಧಿಕ ನ್ಯೂನತೆಯುಳ್ಳ, ಸ್ವಪ್ರಜ್ಞೆಯೂ ಉದ್ದೇಶಪೂರ್ವಕ ಕ್ರಿಯೆಯೂ ಇಲ್ಲವೆಂದು ತೋರುವ ವ್ಯಕ್ತಿಯನ್ನು ಅವರು ಚರ್ಚೆಯ ನಡುವೆ ತಂದು ನಿಲ್ಲಿಸುತ್ತಾರೆ. ಮನುಷ್ಯತ್ವವು ನಮ್ಮ ಸಾಮರ್ಥ್ಯಗಳಲ್ಲಿದ್ದರೆ ಆ ವ್ಯಕ್ತಿಯ ಮನುಷ್ಯತ್ವವೇ ಸಂದೇಹಾಸ್ಪದವಾಗುತ್ತದೆ. ದೇವರು ನಮ್ಮನ್ನು ಸ್ನೇಹಿತರನ್ನಾಗಿ ಆರಿಸಿಕೊಳ್ಳುವುದರಲ್ಲಿದ್ದರೆ ಯಾರ ಮನುಷ್ಯತ್ವವೂ ಸಂದೇಹಕ್ಕೆ ಒಳಗಾಗದು. ಈ ವಾದದ ಬಲವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ದೇವರ ಸ್ವರೂಪವೆಂದರೆ ವಿವೇಚನಾಶಕ್ತಿ ಎಂದು ನಾವು ಇಂದಿಗೂ ದೃಢೀಕರಣದ ತರಗತಿಗಳಲ್ಲಿ ಕಲಿಸುತ್ತಿದ್ದೇವೆ. ಹಾಗೆ ಕಲಿಸುವಾಗ ಹಿಂದಿನ ಬೆಂಚಿನಲ್ಲಿ ತಾಯಿಯ ಪಕ್ಕದಲ್ಲಿ ಕುಳಿತವನನ್ನು ನಾವು ಏನೆಂದು ಕರೆದಂತಾಯಿತೆಂದು ಯೋಚಿಸಿದವರು ಕಡಿಮೆ.

ನೌವೆನ್‌ರ "ಆಡಮ್" ಬೇರೆ ಬಗೆಯ ಪುಸ್ತಕ. ಹಾರ್ವರ್ಡಿನ ಅಧ್ಯಾಪನವನ್ನು ಬಿಟ್ಟ ನೌವೆನ್‌ರು 1986ರಲ್ಲಿ ಟೊರಾಂಟೊ ಬಳಿಯ ಡೇಬ್ರೇಕ್ ಎಂಬ ಲಾರ್ಶ್ ಸಮುದಾಯಕ್ಕೆ ಬಂದರು. ಅಲ್ಲಿ ಅವರಿಗೆ ಒಪ್ಪಿಸಲಾದ ಕೆಲಸ, ಮಾತು ಬಾರದ, ಮೂರ್ಛೆರೋಗವಿದ್ದ ಆಡಮ್ ಆರ್ನೆಟ್ ಎಂಬ ಯುವಕನನ್ನು ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಉಣಿಸುವುದು. 1996ರಲ್ಲಿ ಆಡಮ್ ತೀರಿಕೊಂಡನು. ಅದೇ ವರ್ಷ ನೌವೆನ್‌ರೂ ತೀರಿಕೊಂಡರು. ಪುಸ್ತಕ 1997ರಲ್ಲಿ ಹೊರಬಂತು. ಯೇಸು ಸ್ವಾಮಿಯ ಜೀವನದ ಘಟ್ಟಗಳನ್ನೇ ಅನುಸರಿಸಿ ಆಡಮನ ಜೀವನವನ್ನು ಅದು ಹೇಳುತ್ತದೆ: ಗುಪ್ತ ಜೀವನ, ಅಡವಿ, ಬಹಿರಂಗ ಸೇವೆ, ಶ್ರಮೆ, ಮರಣ. ಸೇವೆ ಮಾಡುವವನು ತಾನೆಂದುಕೊಂಡು ಹೋದವನು ಸೇವೆಯನ್ನು ಪಡೆದವನು ತಾನೆಂದು ಅರಿತುಕೊಳ್ಳುವ ಈ ಕಥನ ಓದುಗನ ಮನಸ್ಸನ್ನು ಕರಗಿಸುತ್ತದೆ.

ನಮ್ಮ ನಾಡಿಗೆ ಈ ಪರಂಪರೆ ತಲುಪಿದ್ದು ಬೇಗನೆಯೇ. ವಾನಿಯೇ ಅವರು 1964ರಲ್ಲಿ ಫ್ರಾನ್ಸಿನ ತ್ರೋಲಿ ಗ್ರಾಮದಲ್ಲಿ ರಫಾಯೆಲ್ ಸಿಮಿ ಮತ್ತು ಫಿಲಿಪ್ ಸ್ಯೂ ಎಂಬಿಬ್ಬರೊಡನೆ ಒಂದೇ ಮನೆಯಲ್ಲಿ ವಾಸಿಸತೊಡಗಿದ್ದೇ ಲಾರ್ಶ್‌ನ ಆರಂಭ. ಆ ಫ್ರೆಂಚ್ ಹೆಸರಿನ ಅರ್ಥ ನಾವೆ. ಅದಾದ ಆರೇ ವರ್ಷಕ್ಕೆ, 1970ರಲ್ಲಿ, ಭಾರತದ ಮೊದಲ ಲಾರ್ಶ್ ಸಮುದಾಯವಾದ ಆಶಾ ನಿಕೇತನವು ಬೆಂಗಳೂರಿನಲ್ಲಿ ತೆರೆಯಿತು. ಬಳಿಕ ಕೋಲ್ಕತ್ತ, ಚೆನ್ನೈ, ಕೇರಳದ ನಂದಿ ಬಜಾರ್‌ಗಳಲ್ಲಿಯೂ ಅಂತಹ ಮನೆಗಳಾದವು. ಆಶಾ ನಿಕೇತನದ ವಿಶೇಷತೆಯೆಂದರೆ, ಕ್ರೈಸ್ತ ಪ್ರೇರಣೆಯಿಂದ ಹುಟ್ಟಿದರೂ ಅದು ಹಿಂದೂ, ಮುಸ್ಲಿಂ, ಕ್ರೈಸ್ತರು ಒಂದೇ ಸೂರಿನಡಿ ಬಾಳುವ ಮನೆಯಾಯಿತು. ಬೌದ್ಧಿಕ ನ್ಯೂನತೆಯುಳ್ಳವರನ್ನು ಮಕ್ಕಳೆಂದು ಕಾಣದೆ ವಯಸ್ಕರೆಂದು ಕಂಡು, ಅವರೊಡನೆ ಕೆಲಸವನ್ನೂ ಊಟವನ್ನೂ ಹಂಚಿಕೊಂಡದ್ದು ಅದರ ಸಾಧನೆ. ವಿಶೇಷ ಶಾಲೆಗಳನ್ನು ನಡೆಸುವುದರಲ್ಲಿ ಕರ್ನಾಟಕದ ಸಭೆಗಳಿಗೆ ಹಳೆಯ ಅನುಭವವಿದೆ. ಆದರೆ ಶಾಲೆಯ ಬಾಗಿಲು ಒಂದು ವಯಸ್ಸಿಗೆ ಮುಚ್ಚುತ್ತದೆ. ಅದಾದ ಮೇಲಿನ ನಲವತ್ತು ಐವತ್ತು ವರ್ಷಗಳ ಬಗ್ಗೆ ನಮ್ಮ ಸೇವೆಗಳಿಗೆ ಹೇಳಲು ಹೆಚ್ಚೇನೂ ಇರಲಿಲ್ಲ.

ಗ್ರಂಥಗಳ ದೋಷ

ಇಷ್ಟನ್ನು ಕೃತಜ್ಞತೆಯಿಂದ ಒಪ್ಪಿದ ಮೇಲೆ ನಾವು ದೋಷವನ್ನೂ ಹೇಳಬೇಕು. ಈ ಎಲ್ಲ ಬರಹಗಳಲ್ಲಿ ಮಾತನಾಡುವವನು ಸ್ನೇಹ ನೀಡಿದವನೇ. ಆಡಮನ ಜೀವನದ ಅರ್ಥವನ್ನು ನಮಗೆ ತಿಳಿಸುವವರು ನೌವೆನ್‌ರು. ತನ್ನನ್ನು ಸ್ನಾನ ಮಾಡಿಸುತ್ತಿದ್ದ ಈ ಪ್ರಸಿದ್ಧ ಯಾಜಕನ ಬಗ್ಗೆ ಆಡಮನಿಗೆ ಏನನ್ನಿಸಿತೆಂಬುದನ್ನು ಪುಸ್ತಕವು ತಿಳಿಸಲಾರದು. ಇದು ನೌವೆನ್‌ರ ತಪ್ಪಲ್ಲ, ಆಡಮನಿಗೆ ಮಾತಿರಲಿಲ್ಲ. ಆದರೆ ಆ ಮೌನವನ್ನು ಮೌನವಾಗಿಯೇ ಬಿಡದೆ ಅದರೊಳಗೆ ಒಂದು ಸುವಾರ್ತೆಯನ್ನು ತುಂಬಿಸಿದಾಗ, ಆಡಮನು ಒಬ್ಬ ವ್ಯಕ್ತಿಯಾಗಿ ಉಳಿಯುವುದಕ್ಕಿಂತ ಬರೆಯುವವನ ಆತ್ಮಿಕ ಪಯಣದ ಗುರುವಾಗಿ ಉಳಿಯುವ ಅಪಾಯವಿದೆ. ವಾನಿಯೇ ಅವರ ಬರಹಗಳಲ್ಲಿಯೂ ಇದೇ ಚಲನೆ ಕಾಣುತ್ತದೆ: ದುರ್ಬಲನು ಬಲಿಷ್ಠನ ಹೃದಯವನ್ನು ತೆರೆಯುತ್ತಾನೆ. ಹಾಗಾದರೆ ಯಾರ ಹೃದಯವನ್ನೂ ತೆರೆಯದ, ಕೋಪಿಷ್ಠನಾದ, ಬಂದವರನ್ನು ಕಂಡರೆ ಮುಖ ತಿರುಗಿಸುವ ಬೌದ್ಧಿಕ ನ್ಯೂನತೆಯ ವ್ಯಕ್ತಿಗೆ ಈ ದೈವಶಾಸ್ತ್ರದಲ್ಲಿ ಎಲ್ಲಿ ಸ್ಥಾನ? ಸಾಮರ್ಥ್ಯಗಳ ಅಳತೆಗೋಲನ್ನು ಮುಂಬಾಗಿಲಿನಿಂದ ಹೊರಹಾಕಿದ ನಾವು, ಉಡುಗೊರೆಯೆಂಬ ಹೆಸರಿನಲ್ಲಿ ಅದನ್ನೇ ಹಿಂಬಾಗಿಲಿನಿಂದ ಒಳಗೆ ಕರೆದುಕೊಳ್ಳುತ್ತಿಲ್ಲವೇ?

ಈ ಸಂದೇಹವು ಕೇವಲ ಸಾಹಿತ್ಯ ವಿಮರ್ಶೆಯಾಗಿ ಉಳಿಯದಂತೆ ಮಾಡಿದ್ದು ಲಾರ್ಶ್ ಸಂಸ್ಥೆಯೇ. ವಾನಿಯೇ ಅವರು 2019ರ ಮೇ 7ರಂದು ತೀರಿಕೊಂಡರು. 2020ರ ಫೆಬ್ರವರಿಯಲ್ಲಿ ಸಂಸ್ಥೆಯು ಪ್ರಕಟಿಸಿದ ವಿಚಾರಣಾ ವರದಿಯು, ಅವರು 1970ರಿಂದ 2005ರ ನಡುವೆ ಆರು ಮಂದಿ ಮಹಿಳೆಯರನ್ನು ಆತ್ಮಿಕ ಮಾರ್ಗದರ್ಶನದ ನೆಪದಲ್ಲಿ ಲೈಂಗಿಕವಾಗಿ ದುರುಪಯೋಗಿಸಿಕೊಂಡರೆಂದು ತೀರ್ಮಾನಿಸಿತು. 2023ರ ಜನವರಿಯಲ್ಲಿ ಬಂದ ಅಧ್ಯಯನ ಆಯೋಗದ ವಿಸ್ತಾರವಾದ ವರದಿಯು ಅಂತಹ ಮಹಿಳೆಯರ ಸಂಖ್ಯೆಯನ್ನು ಕನಿಷ್ಠ 25 ಎಂದಿತು. ವಾನಿಯೇ ಅವರ ಆತ್ಮಿಕ ಗುರುವಾಗಿದ್ದ ಡೊಮಿನಿಕನ್ ಯಾಜಕ ಥಾಮಸ್ ಫಿಲಿಪ್ ಅವರನ್ನು ಇಂತಹದೇ ಕೃತ್ಯಗಳಿಗಾಗಿ ರೋಮ್ 1956ರಲ್ಲಿಯೇ ಶಿಕ್ಷಿಸಿತ್ತು. ಆ ಸತ್ಯವನ್ನು ಬಲ್ಲವರು ಮುಚ್ಚಿಟ್ಟರು. ದುರುಪಯೋಗಕ್ಕೆ ಒಳಗಾದ ಮಹಿಳೆಯರು ಬೌದ್ಧಿಕ ನ್ಯೂನತೆಯುಳ್ಳವರಾಗಿರಲಿಲ್ಲವೆಂದು ವರದಿಗಳು ಹೇಳುತ್ತವೆ. ಅದು ಸಮಾಧಾನದ ಮಾತಲ್ಲ, ಎಚ್ಚರಿಕೆಯ ಮಾತು. ಮಾತುಬಲ್ಲ, ಓದುಬಲ್ಲ ಸ್ತ್ರೀಯರೇ ಸಂತನೆಂದು ಹೆಸರಾದವನಿಗೆ ಬೇಡವೆನ್ನಲು ಆಗದೆ, ಅದನ್ನು ಇತರರಿಗೆ ಹೇಳಲು ದಶಕಗಳನ್ನು ತೆಗೆದುಕೊಂಡರೆ, ಬೇಡವೆನ್ನಲು ಭಾಷೆಯೇ ಇಲ್ಲದವರ ಗತಿಯೇನು?

ಈ ವರದಿಗಳಿಗೆ ಎರಡು ಸುಲಭದ ಪ್ರತಿಕ್ರಿಯೆಗಳಿವೆ. ಪುಸ್ತಕಗಳನ್ನು ಕಪಾಟಿನಿಂದ ತೆಗೆದುಹಾಕೋಣ ಎನ್ನುವುದು ಒಂದು. ಮನುಷ್ಯನು ಬಿದ್ದನು, ಅವನ ಬೋಧನೆ ನಿಂತಿದೆ ಎನ್ನುವುದು ಇನ್ನೊಂದು. ಮೊದಲನೆಯದು ಆಶಾ ನಿಕೇತನದಂತಹ ಮನೆಗಳಲ್ಲಿ ವರ್ಷಗಟ್ಟಲೆ ಬಾಳಿದವರ ನಿಷ್ಠೆಗೆ ಅನ್ಯಾಯ ಮಾಡುತ್ತದೆ; ಲಾರ್ಶ್ ಆ ಒಬ್ಬ ಮನುಷ್ಯನಲ್ಲ, ಸತ್ಯವನ್ನು ತಾನೇ ಹೊರಗಿಟ್ಟು ಅದನ್ನು ತೋರಿಸಿಕೊಟ್ಟಿದೆ. ಎರಡನೆಯದು ಬೋಧನೆಯನ್ನು ಮರುಪರಿಶೀಲಿಸುವ ಕಷ್ಟವನ್ನು ತಪ್ಪಿಸಿಕೊಳ್ಳುತ್ತದೆ. ನಮ್ಮ ಅಭಿಪ್ರಾಯದಲ್ಲಿ, ಬೋಧನೆಯಲ್ಲಿದ್ದ ಕೊರತೆಗೂ ಬದುಕಿನಲ್ಲಿದ್ದ ಪಾಪಕ್ಕೂ ಒಂದೇ ಆಕಾರವಿದೆ. ಎರಡೂ ಕಡೆ ಅನ್ಯೋನ್ಯತೆಯನ್ನು ಹೊಗಳಲಾಯಿತು, ಅಧಿಕಾರದ ಮಾತನ್ನು ಎತ್ತಲಿಲ್ಲ. ಪ್ರೀತಿಯಿರುವಲ್ಲಿ ನಿಯಮವೇಕೆ ಎಂಬ ಭಾವನೆಯು ಪ್ರೀತಿಸುವವನನ್ನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದವನನ್ನಾಗಿ ಮಾಡಿತು.

ಮೆಫೀಬೋಶೆತನ ಮೇಜು

ವಿಕಲಚೇತನರ ಸೇವೆಯ ಬಗ್ಗೆ ಪ್ರಸಂಗ ಮಾಡುವಾಗ ನಾವು ಮತ್ತೆ ಮತ್ತೆ ಹಿಡಿಯುವ ಪಾಠವು 2 ಸಮುವೇಲ 9ನೆಯ ಅಧ್ಯಾಯ. ಯೋನಾತಾನನ ಮಗನಾದ, ಎರಡೂ ಕಾಲು ಕುಂಟಾದ ಮೆಫೀಬೋಶೆತನನ್ನು ದಾವೀದನು ಲೋದೆಬಾರದಿಂದ ಕರೆಸಿ, ಸೌಲನ ಭೂಮಿಯನ್ನು ಹಿಂದಿರುಗಿಸಿ, ತನ್ನ ಮೇಜಿನಲ್ಲಿ ಅನುದಿನವೂ ಊಟಕ್ಕೆ ಕೂರಿಸಿದನು. ಮೆಫೀಬೋಶೆತನಿಗೆ ಬೌದ್ಧಿಕ ನ್ಯೂನತೆಯಿರಲಿಲ್ಲ. ಆದರೂ ಅವನ ಕಥೆ ನಮ್ಮ ಪ್ರಶ್ನೆಗೆ ಹತ್ತಿರವಾಗಿದೆ. ಸಾಮಾನ್ಯವಾಗಿ ನಮ್ಮ ಪ್ರಸಂಗಗಳು ಮೇಜಿನ ಬಳಿಯೇ ನಿಂತುಬಿಡುತ್ತವೆ. ಸತ್ಯವೇದ ಅಲ್ಲಿ ನಿಲ್ಲುವುದಿಲ್ಲ.

ಮೊದಲು ಗಮನಿಸಬೇಕಾದದ್ದು: ಕರೆಸಲ್ಪಟ್ಟವನು ರಾಜನ ಮುಂದೆ ಅಡ್ಡಬಿದ್ದು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಳ್ಳುತ್ತಾನೆ. ಬರುವುದಿಲ್ಲವೆನ್ನುವ ಆಯ್ಕೆ ಅವನಿಗಿರಲಿಲ್ಲ. ಹಿಂದಿನ ಅರಸನ ಮೊಮ್ಮಗನು ಈಗಿನ ಅರಸನ ಕಣ್ಣಮುಂದೆ ಪ್ರತಿದಿನ ಊಟ ಮಾಡುವುದು ಕರುಣೆಯೋ ಕಾವಲೋ ಎಂದು ವ್ಯಾಖ್ಯಾನಕಾರರು ಕೇಳಿರುವುದು ಸಕಾರಣವಾಗಿಯೇ. ಅನಂತರ 16ನೆಯ ಅಧ್ಯಾಯದಲ್ಲಿ, ಅಬ್ಷಾಲೋಮನ ದಂಗೆಯ ಸಮಯಕ್ಕೆ, ಸೇವಕನಾದ ಚೀಬನು ಬಂದು ತನ್ನ ಯಜಮಾನನು ದ್ರೋಹಿಯಾದನೆಂದು ಚಾಡಿ ಹೇಳುತ್ತಾನೆ. ದಾವೀದನು ಮೆಫೀಬೋಶೆತನನ್ನು ಕೇಳದೆಯೇ ಅವನ ಆಸ್ತಿಯನ್ನೆಲ್ಲ ಚೀಬನಿಗೆ ಕೊಟ್ಟುಬಿಡುತ್ತಾನೆ. 19ನೆಯ ಅಧ್ಯಾಯದಲ್ಲಿ ಮೆಫೀಬೋಶೆತನು ಶೋಕದ ವೇಷದಲ್ಲಿ ಬಂದು, ತಾನು ಹೊರಡಬೇಕೆಂದಿದ್ದಾಗ ಕುಂಟನಾದ ತನ್ನನ್ನು ಸೇವಕನು ವಂಚಿಸಿದನೆಂದು ತಿಳಿಸುತ್ತಾನೆ. ಸತ್ಯವನ್ನು ವಿಚಾರಿಸುವ ಬದಲು ದಾವೀದನು ಇನ್ನು ಮಾತು ಸಾಕೆಂದು ಭೂಮಿಯನ್ನು ಇಬ್ಬರಿಗೂ ಹಂಚುತ್ತಾನೆ.

ಒಂದೇ ಮೇಜಿನಲ್ಲಿ ಅಷ್ಟು ಕಾಲ ಉಂಡ ಮೇಲೆಯೂ ದಾವೀದನು ಮೆಫೀಬೋಶೆತನನ್ನು ಅರಿತಿರಲಿಲ್ಲ ಎಂಬುದನ್ನು ಈ ಕಥೆ ಹೇಳುತ್ತದೆ. ಅರಿತಿದ್ದರೆ ಚಾಡಿಮಾತನ್ನು ಅಷ್ಟು ಬೇಗ ನಂಬುತ್ತಿದ್ದನೇ? ಅವನ ದಯೆ ನಿಜವಾಗಿತ್ತು. ಆದರೆ ಅದರ ಗುರಿ ಸತ್ತುಹೋದ ಯೋನಾತಾನನಾಗಿದ್ದನು. ಮುಂದೆ ಕುಳಿತ ಮನುಷ್ಯನ ಮಾತಿಗೆ ಸೇವಕನ ಮಾತಿನಷ್ಟೂ ತೂಕವಿರಲಿಲ್ಲ. ನಮ್ಮ ಸಭೆಗಳಲ್ಲಿ ಕ್ರಿಸ್ಮಸ್ಸಿನ ವಾರ ನಡೆಯುವ ವಿಕಲಚೇತನರ ಔತಣಗಳಿಗೆ ಈ ಮೇಜನ್ನು ನಾವು ಹೋಲಿಸಬೇಕು. ಲೂಕ 14ರಲ್ಲಿ ಯೇಸು ಸ್ವಾಮಿಯು ಹಿಂದಿರುಗಿಸಲಾಗದವರನ್ನು ಔತಣಕ್ಕೆ ಕರೆಯಿರಿ ಎಂದದ್ದು ಸತ್ಯ. ಆದರೆ ಯೋಹಾನ 15ರಲ್ಲಿ ಆತನು ಶಿಷ್ಯರನ್ನು ಸ್ನೇಹಿತರೆಂದು ಕರೆದಾಗ ಕೊಟ್ಟ ಕಾರಣ ಬೇರೆ: ತಂದೆಯಿಂದ ಕೇಳಿದ್ದನ್ನೆಲ್ಲ ಅವರಿಗೆ ತಿಳಿಸಿದ್ದಾನೆ. ಔತಣಕ್ಕೆ ಕರೆಯುವುದರಿಂದ ಅತಿಥಿ ಸಿಗುತ್ತಾನೆ. ತಿಳಿಸುವುದರಿಂದ, ಕೇಳಿಸಿಕೊಳ್ಳುವುದರಿಂದ ಮಾತ್ರ ಸ್ನೇಹಿತನು ಸಿಗುತ್ತಾನೆ. ಬಾರ್ತಿಮಾಯನಂತಹ ಕುರುಡನ ವಿಷಯದಲ್ಲಿಯೂ, ಅವನಿಗೆ ಬೇಕಾದದ್ದು ಎಲ್ಲರಿಗೂ ಕಾಣುತ್ತಿದ್ದರೂ, ಯೇಸು ಸ್ವಾಮಿಯು ಮೊದಲು ಅವನ ಇಷ್ಟವನ್ನು ಕೇಳಿದನು.

ಸಭೆಗೆ ಇದರ ಅರ್ಥ

ಹಾಗಾದರೆ ಹುಣಸಗಿಯ ಸುತ್ತಲಿನ ಚಿಕ್ಕ ಸಭೆಗಳು ಏನು ಮಾಡಬಲ್ಲವು? ಆಶಾ ನಿಕೇತನದಂತಹ ವಸತಿ ಸಮುದಾಯವನ್ನು ಅಲ್ಲಿ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ಮನೆಯಿರುವವನನ್ನು ಮನೆಯಿಂದ ತೆಗೆಯುವ ಅಗತ್ಯವಿಲ್ಲ. ಅವನಿಗೆ ಬೇಕಾದವನು ವಾರಕ್ಕೊಮ್ಮೆ ಒಂದೆರಡು ಗಂಟೆ ಅವನೊಡನೆ ಇರುವ, ಅವನು ಮೆಚ್ಚುವ ಚಹಾದಂಗಡಿಗೋ ಕಾಲುವೆಯ ದಂಡೆಗೋ ಸಂತೆಗೋ ಜೊತೆಗೆ ಹೋಗುವ ಒಬ್ಬ ದೋಸ್ತ. ಅದಕ್ಕೆ ಕಟ್ಟಡ ಬೇಡ, ವಿದೇಶೀ ನಿಧಿಯೂ ಬೇಡ. ಆದರೆ ಮೇಲಿನ ವಿಮರ್ಶೆಯು ನಿಜವಾದರೆ ಕೆಲವು ಕಟ್ಟುಪಾಡುಗಳು ಬೇಕೇ ಬೇಕು.

ಒಂದನೆಯದು, ನಿರಾಕರಣೆಯನ್ನು ಓದಲು ಕಲಿಯುವುದು. ಮಾತಿಲ್ಲದವನೂ ಬೇಡವೆನ್ನುತ್ತಾನೆ: ಮುಖ ತಿರುಗಿಸುತ್ತಾನೆ, ಒಳಗೆ ಹೋಗಿಬಿಡುತ್ತಾನೆ, ಕೈ ಬಿಡಿಸಿಕೊಳ್ಳುತ್ತಾನೆ. ಆಟಿಸಂ ಇರುವವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹೆಗಲ ಮೇಲೆ ಕೈಯಿಡುವುದು ನಮಗೆ ಪ್ರೀತಿಯ ಗುರುತಾದರೆ ಅವರಿಗೆ ನೋವಾಗಬಹುದು. ಧ್ವನಿವರ್ಧಕದ ಆರಾಧನೆಯು ನಮಗೆ ಸಂಭ್ರಮವಾದರೆ ಅವರಿಗೆ ಹಿಂಸೆಯಾಗಬಹುದು. ಅಂತಹವನನ್ನು ಒಳಗೆ ಎಳೆತಂದು ಕೂರಿಸುವವನಿಗಿಂತ, ಅವನೊಡನೆ ಹೊರಗೆ ಬೇವಿನ ಮರದ ಕೆಳಗೆ ಕುಳಿತಿರುವವನು ಉತ್ತಮ ಸ್ನೇಹಿತ. ಅಬರ್ಡೀನ್ ವಿಶ್ವವಿದ್ಯಾಲಯದ ಗ್ರ್ಯಾಂಟ್ ಮಕ್ಯಾಸ್ಕಿಲ್ ಅವರು ಆಟಿಸಂ ಮತ್ತು ಸಭೆಯ ಕುರಿತು 2019ರಲ್ಲಿ ಪ್ರಕಟಿಸಿದ ಗ್ರಂಥವನ್ನು ಈ ದೃಷ್ಟಿಯಿಂದ ನಮ್ಮ ವಿದ್ಯಾರ್ಥಿಗಳು ಓದಬೇಕು.

ಎರಡನೆಯದು, ಲೆಕ್ಕ ಒಪ್ಪಿಸುವುದು. ಮುಚ್ಚಿದ ಬಾಗಿಲ ಹಿಂದೆ ಭೇಟಿಯಿಲ್ಲ. ಸ್ವಯಂಸೇವಕನ ಹಿನ್ನೆಲೆಯನ್ನು ವಿಚಾರಿಸದೆ ಯಾರನ್ನೂ ಕಳಿಸುವುದಿಲ್ಲ. ಅವನ ಮೇಲೆ ದೂರು ಬಂದರೆ ಕೇಳುವವರು ಅವನ ಸಭಾಪಾಲಕನಲ್ಲದ ಬೇರೊಬ್ಬರಾಗಿರಬೇಕು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಈ ಸ್ನೇಹ ತಿಳಿದಿರಲಿ. ನಿಯಮಗಳು ಸ್ನೇಹವನ್ನು ಕೊಲ್ಲುತ್ತವೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಇಬ್ಬರು ಸಮಾನರ ನಡುವೆ ಅದು ನಿಜವಿರಬಹುದು. ಒಬ್ಬನಿಗೆ ದೂರು ಹೇಳಲು ಆಗದಿರುವಲ್ಲಿ ನಿಯಮವೇ ಅವನ ಬಾಯಿ.

ಮೂರನೆಯದು, ಗುಪ್ತ ಗುರಿಯಿಲ್ಲದಿರುವುದು. ಯಾದಗಿರಿ ಜಿಲ್ಲೆಯಲ್ಲಿ ಕ್ರೈಸ್ತರು ಅತ್ಯಲ್ಪ ಸಂಖ್ಯಾತರು. ನಾವು ಸ್ನೇಹ ಬೆಳೆಸಬೇಕಾದ ಮನೆಗಳಲ್ಲಿ ಹೆಚ್ಚಿನವು ಬೇರೆ ಧರ್ಮದವು. ಕರ್ನಾಟಕದ 2022ರ ಮತಾಂತರ ಕಾಯ್ದೆಯು, ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರ ಜೊತೆಗೆ ಅಸ್ವಸ್ಥಚಿತ್ತರನ್ನು ಮತಾಂತರಿಸುವುದಕ್ಕೂ ಹೆಚ್ಚಿನ ಶಿಕ್ಷೆಯನ್ನು ವಿಧಿಸಿತ್ತು. ಆ ಕಾಯ್ದೆಯನ್ನು ನಮ್ಮ ಸಭೆಗಳು ವಿರೋಧಿಸಿದ್ದು ನ್ಯಾಯವೇ. ಆದರೂ ಅದರ ಹಿಂದಿದ್ದ ಶಂಕೆಯಿಂದ ನಾವು ಒಂದು ಪ್ರಶ್ನೆಯನ್ನು ನಮಗೇ ಕೇಳಿಕೊಳ್ಳಬಹುದು: ಇವನು ಎಂದೂ ನಮ್ಮ ಸಭೆಗೆ ಬರುವುದಿಲ್ಲವೆಂದು ಖಚಿತವಾದರೂ ನಾವು ಇವನ ಬಳಿಗೆ ಹೋಗುತ್ತೇವೆಯೇ? ಹೋಗುವುದಿಲ್ಲವಾದರೆ ನಮ್ಮದು ಸ್ನೇಹವಾಗಿರಲಿಲ್ಲ. ಹೋದಲ್ಲೆಲ್ಲ ಸ್ವಸ್ಥತೆಯ ಪ್ರಾರ್ಥನೆಗೆ ಒತ್ತಾಯಿಸುವುದೂ, ಅವನೊಡನೆ ಫೋಟೋ ತೆಗೆದು ವರದಿಗೆ ಕಳಿಸುವುದೂ ಇದೇ ಸಾಲಿಗೆ ಸೇರುತ್ತವೆ.

ನಾಲ್ಕನೆಯದು, ಉಳಿಯುವುದು. ಇದು ನಮ್ಮ ವಿದ್ಯಾರ್ಥಿಗಳಿಗೆ ನೇರವಾಗಿ ಹೇಳುವ ಮಾತು. ಸೇವಾಭ್ಯಾಸಕ್ಕೆಂದು ಮೂರು ತಿಂಗಳು ಹೋಗಿ, ಒಬ್ಬನ ಮನಸ್ಸಿನಲ್ಲಿ ಸ್ಥಾನ ಪಡೆದು, ವರದಿ ಬರೆದು ಹಿಂದಿರುಗುವುದು ಆತನಿಗೆ ಮತ್ತೊಂದು ಅಗಲಿಕೆಯನ್ನು ಕೊಟ್ಟಂತೆ. ಆ ಮೂರು ತಿಂಗಳಲ್ಲಿ ವಿದ್ಯಾರ್ಥಿಯು ಮಾಡಬಹುದಾದ ಒಳ್ಳೆಯ ಕೆಲಸವೆಂದರೆ, ಅಲ್ಲಿಯೇ ಇರುವ, ಅಲ್ಲಿಯೇ ಉಳಿಯುವ ಸಭಾಸದಸ್ಯನೊಬ್ಬನನ್ನು ಆ ಮನೆಗೆ ಪರಿಚಯಿಸಿ ತಾನು ಹಿಂದೆ ಸರಿಯುವುದು. ಸಭಾಪಾಲಕರಿಗೂ ವರ್ಗಾವಣೆಯಿದೆ; ಊರಿನ ಒಕ್ಕಲಿಗನಿಗೂ ಅಂಗಡಿಯವನಿಗೂ ಸಾಮಾನ್ಯವಾಗಿ ಅದಿಲ್ಲ.

ತಾಯಿಯ ಪ್ರಶ್ನೆಗೆ ಹಿಂದಿರುಗೋಣ. ತಾನು ಹೋದ ಮೇಲೆ ಮಗನನ್ನು ಯಾರು ನೋಡುತ್ತಾರೆಂದು ಕೇಳುವವಳಿಗೆ, ದೇವರು ನೋಡುತ್ತಾನೆ ಎಂದು ಹೇಳಿ ಎದ್ದುಬರುವುದು ಸುಲಭ. ನಾವು ನೋಡುತ್ತೇವೆ ಎಂದು ಹೇಳುವುದು ಬಹುಪಾಲು ಸುಳ್ಳು. ಸ್ನೇಹಿತನೊಬ್ಬನು ಅಣ್ಣನ ಸ್ಥಾನವನ್ನಾಗಲಿ ಸರಕಾರದ ಸ್ಥಾನವನ್ನಾಗಲಿ ತುಂಬಲಾರನು. ಆದರೆ ತಾಯಿ ಇಲ್ಲದ ದಿನ ಮಗನಿಗೆ ಏನು ಇಷ್ಟ, ಏನು ಭಯ, ಬೇಡವೆನ್ನುವಾಗ ಅವನು ಹೇಗೆ ಬೇಡವೆನ್ನುತ್ತಾನೆ ಎಂಬುದನ್ನು ಬಲ್ಲ ಒಬ್ಬನಾದರೂ ಮನೆಯ ಹೊರಗೆ ಇರಬೇಕು. ಪಾಲಕತ್ವದ ಅರ್ಜಿ ಜಿಲ್ಲಾಧಿಕಾರಿಗಳ ಸಮಿತಿಯ ಮುಂದೆ ಬಂದಾಗ, ಭೂಮಿಯ ಹಂಚಿಕೆಯ ಮಾತು ಎದ್ದಾಗ, ಚೀಬನಂತಹವನು ಮೊದಲು ಬಂದು ಮಾತನಾಡಿದಾಗ, ಇವನನ್ನೂ ಕೇಳಿರಿ ಎಂದು ಹೇಳುವವನೊಬ್ಬನು ಇರಬೇಕು. ದಾವೀದನ ಮೇಜಿನಲ್ಲಿ ಮೆಫೀಬೋಶೆತನಿಗೆ ಎಲ್ಲವೂ ಇತ್ತು. ಅಂತಹ ಒಬ್ಬನು ಮಾತ್ರ ಇರಲಿಲ್ಲ.